ಗಂಟುನೂಲಿನ ಜೋಡಿ

ನಮ್ಮ ಯಜಮಾನರ ರಕ್ತದೊತ್ತಡದ ಮಾತ್ರೆಯ ಶೀಶೆಯ ಬಾಯಿಗೆ ಒಂದು ಉಂಡೆ ಹತ್ತಿ ತುರುಕಿರುತ್ತದೆ. ಮಾತ್ರೆ ಅವರಿಗೆ, ಹತ್ತಿ ನನಗೆ. ಈ ಒಪ್ಪಂದ ಯಾವಾಗ ಆಯಿತೋ ನೆನಪಿಲ್ಲ. ಹತ್ತಿ ಸಿಕ್ಕಿದ ಕೂಡಲೇ ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಕೆಲಸಕ್ಕೆ ತೊಡಗುತ್ತವೆ. ಹಿಂಜಿ, ಎಳೆದು, ಹೊಸೆದು ಗೇಣುದ್ದದ ದಾರ ಮಾಡುತ್ತವೆ. ಮಾಡಿದ್ದನ್ನು ಎಸೆಯಲು ಮನಸ್ಸು ಬಾರದೆ ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಮೊನ್ನೆ ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಆ ದಾರಗಳ ಸಾಲನ್ನು ನೋಡಿ, ದನಿ ತಗ್ಗಿಸಿ, “ಏನಾದ್ರೂ ಹರಕೇನಾ?” ಎಂದು ಕೇಳಿದರು. ಹರಕೆಯಲ್ಲ ತಾಯಿ, ಹಳೆಯ ಚಟ ಎಂದೆ.

ದಾರವೆಂದ ಕೂಡಲೇ ನೀವು ಒಳ್ಳೆಯ ದಾರವನ್ನು ಕಲ್ಪಿಸಿಕೊಳ್ಳಬೇಡಿ. ಮೂರಂಗುಲ ಸಣ್ಣಗೆ ಹೋಗುತ್ತದೆ, ಆಮೇಲೆ ಇಲಿ ನುಂಗಿದ ಹಾವಿನ ಹಾಗೆ ಒಂದು ಉಬ್ಬು, ಮತ್ತೆ ಸಣ್ಣಗೆ, ಮತ್ತೆ ಇನ್ನೊಂದು ಇಲಿ. ಇದಕ್ಕೆ ಶಾಲೆಯನ್ನು ದೂರುವ ಹಾಗಿಲ್ಲ. ಶಾಲೆ ತನ್ನ ಕೈಲಾದಷ್ಟು ಮಾಡಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸಿರಾದಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಹೋಗಿ ಬರುತ್ತಿದ್ದೆ. ಹೋಗುವುದಕ್ಕಿಂತ ಬರುವುದೇ ದೊಡ್ಡ ಕೆಲಸ. ನಮ್ಮ ತಾತ ಪುರೋಹಿತರು, ಮನೆಯಲ್ಲಿ ಮಡಿ ಜಾಸ್ತಿ. ಶಾಲೆಯಿಂದ ಬಂದವಳು ಮುಂಬಾಗಿಲಲ್ಲಿ ಒಳಗೆ ಕಾಲಿಡುವ ಹಾಗಿಲ್ಲ. ಸಂದಿಯಲ್ಲಿ ನುಸುಳಿ ಹಿತ್ತಲಿಗೆ ಬರಬೇಕು. ಅಲ್ಲಿ ಅಜ್ಜಿ ಚೊಂಬು ಹಿಡಿದು ಕಾಯುತ್ತಿದ್ದಳು. ಕಾಲಿಗೆ ನೀರು, ತಲೆಗೆ ನಾಲ್ಕು ಹನಿ, ಶಾಲೆಯ ಲಂಗ ಬಿಚ್ಚಿ ಬಚ್ಚಲ ಗೋಡೆಯ ಮೊಳೆಗೆ, ಮನೆಯ ಲಂಗ ಉಟ್ಟು ಒಳಗೆ. ಆ ಮೊಳೆಗೆ ‘ಸ್ಕೂಲು ಮೊಳೆ’ ಎಂದೇ ಹೆಸರು. ಪುಸ್ತಕಕ್ಕೆ ಮೈಲಿಗೆಯಿಲ್ಲ, ಅದು ಸರಸ್ವತಿ ಎಂದು ತಾತ ತೀರ್ಪು ಕೊಟ್ಟಿದ್ದರು. ಚೀಲಕ್ಕೆ ಆ ತೀರ್ಪು ಅನ್ವಯಿಸಲಿಲ್ಲ. ಹಾಗಾಗಿ ಪುಸ್ತಕ ಒಳಗೆ, ಚೀಲ ಹೊರಗೆ. ಪೆನ್ಸಿಲಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಅದು ನನ್ನ ಜಡೆಯಲ್ಲಿ ಸಿಕ್ಕಿಕೊಂಡೇ ಒಳಗೆ ಬರುತ್ತಿತ್ತು.

ತರಗತಿಯಲ್ಲಿ ಬೆಂಚು ಇರಲಿಲ್ಲ. ಕೂರಲು ಅವರವರೇ ಮನೆಯಿಂದ ಏನಾದರೂ ತರಬೇಕು. ನನಗೆ ಅಜ್ಜಿ ಕೊಟ್ಟದ್ದು ಕಂಬಳಿಯ ತುಂಡು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವಂತೆ. ಶೆಟ್ಟರ ಮನೆಯ ಹುಡುಗಿಯರಿಗೆ ಜಮಖಾನೆಯ ತುಂಡು. ಹುಲಿಕುಂಟೆಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಕುರುಬರ ಈರಕ್ಕನಿಗೆ ಗೋಣಿ. ನಾನು ಗತ್ತಿನಿಂದ ಕೂತ ಕಂಬಳಿ ಅವಳ ಅಪ್ಪನಂಥವರೇ ನೇಯ್ದದ್ದು ಎಂಬುದು ನನಗೆ ಬಹಳ ಕಾಲ ಹೊಳೆದಿರಲಿಲ್ಲ. ಸಾಬರ ಮನೆಯ ಹುಡುಗಿಯರು ಗೋಡೆಯ ಬದಿ ಈಚಲು ಚಾಪೆಯ ಮೇಲೆ. ಯಾರೂ ಹೇಳಿ ಹೀಗೆ ಕೂರಿಸಿದ್ದಲ್ಲ. ಕೋಳಿಗಳು ಸಂಜೆಗೆ ತಂತಮ್ಮ ಗೂಡಿಗೆ ಹೋಗುವಂತೆ ನಾವೇ ಹೋಗಿ ಕೂತಿದ್ದೆವು.

ಈ ಏರ್ಪಾಟನ್ನು ಕೆಡಿಸಿದವರು ಕ್ರಾಫ್ಟಿನ ನರಸಮ್ಮ ಟೀಚರ್. ಪಾವಗಡದವರು. ಕನ್ನಡದಲ್ಲಿ ಶುರು ಮಾಡಿದ ಬೈಗುಳ ಅರ್ಧ ದಾರಿಯಲ್ಲಿ ತೆಲುಗಿಗೆ ಹತ್ತಿಕೊಂಡು ಮುಗಿಯುತ್ತಿತ್ತು. ಆಗ ಎಲ್ಲ ಶಾಲೆಯಲ್ಲೂ ತಕಲಿಯಲ್ಲಿ, ಎಂದರೆ ಕೈಯಲ್ಲಿ ತಿರುಗಿಸುವ ಪುಟ್ಟ ಕದಿರಿನಲ್ಲಿ, ನೂಲುವ ಪಾಠವಿತ್ತು. ದಸರಾ ರಜೆ ಮುಗಿದ ಮೇಲೆ ಒಂದು ದಿನ ಅವರು ನಾವು ನೂತು ಸುತ್ತಿದ ನೂಲಿನ ಲಡಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದರು. ಒಂದು ತುದಿಯಲ್ಲಿ ಎಲ್ಲಕ್ಕಿಂತ ಸಣ್ಣ ನೂಲು, ಇನ್ನೊಂದು ತುದಿಯಲ್ಲಿ ನನ್ನದು.

“ಏಮ್ಮಾ ತಲ್ಲೀ ಪದ್ದಮ್ಮಾ, ಇದು ನೂಲಾ, ಇಲ್ಲ ಎಮ್ಮೆ ಕಟ್ಟೋ ಹಗ್ಗಮಾ?” ಎಂದು ನನ್ನ ಲಡಿಯನ್ನು ಎತ್ತಿ ಹಿಡಿದು ತರಗತಿಯನ್ನೆಲ್ಲ ನಗಿಸಿದರು. ಆಮೇಲೆ ಜೋಡಿ ಮಾಡಿದರು. ಜಾತಿ ನೋಡಲಿಲ್ಲ, ಎತ್ತರ ನೋಡಲಿಲ್ಲ, ನೂಲು ನೋಡಿದರು. ದಪ್ಪ ನೂಲಿಗೆ ಸಣ್ಣ ನೂಲು ಜೋಡಿ. ಒಬ್ಬಳು ಹತ್ತಿಯನ್ನು ಬೆರಳುದ್ದಕ್ಕೆ ಸುರುಳಿ ಸುತ್ತಿ ಹಂಜಿ ಮಾಡಿ ಕೊಡಬೇಕು, ಇನ್ನೊಬ್ಬಳು ನೂಲಬೇಕು, ಅರ್ಧ ಗಂಟೆಯಾದ ಮೇಲೆ ಅದಲು ಬದಲು. ಲಡಿ ಇಬ್ಬರ ಹೆಸರಿನಲ್ಲಿ. ಹಾಗೆ ನನಗೆ ಗಂಟುಬಿದ್ದವಳು ಜೈಬುನ್. ಹತ್ತಿ ಹಿಂಜುವ ಹುಸೇನ್ ಸಾಬರ ಮಗಳು. ಅವಳ ಅಪ್ಪ ದೊಡ್ಡ ಬಿಲ್ಲು ಹೊತ್ತು ಬೀದಿಬೀದಿ ತಿರುಗಿ ಹಾಸಿಗೆಯ ಹತ್ತಿ ಹಿಂಜುತ್ತಿದ್ದರು. ಮನೆಯಲ್ಲಿ ಅವಳ ದಾದಿ, ಎಂದರೆ ಅಪ್ಪನ ತಾಯಿ, ನೂಲುವುದರಲ್ಲಿ ಪಳಗಿದ ಕೈ.

ಮೊದಲ ದಿನ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ, ಕೇಳಿ. ಕಂಬಳಿಯ ತುಂಡನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡೆ. ಸಾಲದೆಂದು ಸೀಮೆಸುಣ್ಣ ತಂದು ಅವಳ ಚಾಪೆಗೂ ನನ್ನ ಕಂಬಳಿಗೂ ನಡುವೆ ನೆಲದ ಮೇಲೆ ಗೀಟೆಳೆದೆ. ಅವಳು ಅಳುತ್ತಾಳೆಂದೋ ಟೀಚರಿಗೆ ಹೇಳುತ್ತಾಳೆಂದೋ ಎಣಿಸಿದ್ದೆ. ಅವಳು ನನ್ನ ಕೈಯಿಂದಲೇ ಸುಣ್ಣ ಬೀಳಿಸಿಕೊಂಡು, ನನ್ನ ಗೀಟಿನಿಂದ ಒಂದು ಗೇಣು ಬಿಟ್ಟು ಇನ್ನೊಂದು ಗೀಟು ಎಳೆದಳು.

“ಅದು ನಿಂದು, ಇದು ನಂದು,” ಎಂದಳು. “ನಮ್ ದಾದಿನೂ ಹೇಳವ್ರೆ, ಐನೋರ ಮನೆ ಹುಡ್ಗೀರ್ನ ಮುಟ್ಬ್ಯಾಡ, ಮುಟ್ಟಿದ್ರೆ ಪಾಪ ಅವು ಮನೆಗೋಗಿ ಮೈ ತೊಳ್ಕಬೇಕು, ಸುಮ್ಕೆ ನೀರು ದಂಡ ಅಂತ.”

ಸಿರಾದ ಬೇಸಿಗೆ ಕಂಡವರಿಗೆ ಈ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೂ ನನಗೆ ಅವಮಾನವಾಯಿತು. ದೂರ ಇಡುವುದು ನಮ್ಮ ಮನೆಯ ಹಕ್ಕು ಎಂದುಕೊಂಡಿದ್ದೆ.

ಪಕ್ಕಪಕ್ಕ ಕೂತ ಮಾತ್ರಕ್ಕೆ ಮನಸ್ಸು ಹತ್ತಿರವಾಗುತ್ತದೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಒಂದು ತಿಂಗಳು ಕೂತೆವು, ದಿನಾ ಬೆಳಿಗ್ಗೆ ಎರಡು ಗೀಟನ್ನೂ ಹೊಸದಾಗಿ ಎಳೆದೆವು. ಅವಳು ಹಂಜಿಯನ್ನು ಗೀಟಿನ ಮೇಲಿಂದ ಎಸೆಯುವಳು, ನಾನು ಹಿಡಿಯುವೆನು. ಹಿಡಿಯದಿದ್ದರೆ ಅದು ನಡುವಿನ ಗೇಣಗಲದಲ್ಲಿ ಬೀಳುತ್ತಿತ್ತು. ಆ ಜಾಗ ಯಾರದೂ ಅಲ್ಲ. ಅಲ್ಲಿ ಬಿದ್ದದ್ದನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ. ಗಾಳಿ ಬಂದಾಗ ನಮ್ಮ ಹಂಜಿಗಳು ತರಗತಿಯಲ್ಲೆಲ್ಲ ಬಾತುಮರಿಗಳ ಹಾಗೆ ಓಡಾಡುತ್ತಿದ್ದವು. ನಮ್ಮ ಲಡಿ ಎಲ್ಲರಿಗಿಂತ ಚಿಕ್ಕದಾಗಿರುತ್ತಿತ್ತು. ಚಿಕ್ಕ ಲಡಿಯ ಜೋಡಿ ಶಾಲೆ ಬಿಟ್ಟ ಮೇಲೂ ಕೂತು ನೂಲಬೇಕು, ಅದು ಟೀಚರ ಕಾನೂನು.

ಹಾಗೆ ಕೂತಿದ್ದ ಒಂದು ಸಂಜೆ ನನ್ನ ಎಳೆ ಏಳನೆಯ ಸಲವೋ ಎಂಟನೆಯ ಸಲವೋ ಕಿತ್ತಿತು. ಜೈಬುನ್‌ಗೆ ರೇಗಿತು. “ಕೊಡು ಇಲ್ಲಿ!” ಎಂದು ಎರಡು ಗೀಟನ್ನೂ ದಾಟಿ ಬಾಗಿ, ತುದಿ ಹಿಡಿದು, ತನ್ನ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ಎಳೆಗೆ ಎಳೆ ಸೇರಿಸಿ ಹೊಸೆದುಬಿಟ್ಟಳು. ಕ್ಷಣದಲ್ಲಿ ಒಂದಾಯಿತು. ಎಲ್ಲಿ ಕಿತ್ತಿತ್ತೆಂದು ಹುಡುಕಿದರೂ ಸಿಗಲಿಲ್ಲ.

“ಎಂಜಲು!” ಎಂದೆ ನಾನು.

“ಊಂ ಮತ್ತೆ, ಅಂಟು ಎಲ್ಲಿಂದ ತರ್ಲಿ? ನೂಲೋರೆಲ್ಲ ಇಂಗೇ ಮಾಡದು. ನಿನ್ ಕೈಯಾಗೆ ಭೂತ ಐತೆ ಕಣೆ ಪದ್ದು. ಹತ್ತೀನ ಎಳೀತೀಯ. ಹತ್ತೀನ ಎಳೀಬಾರ್ದು, ಕರೀಬೇಕು. ಬಾ ಬಾ ಅಂತ. ತಾನೇ ಬತ್ತದೆ.”

ಮಾರನೆಯ ದಿನ ಗೀಟು ಎಳೆಯಲು ಇಬ್ಬರಿಗೂ ಮರೆತುಹೋಯಿತು. ಹಳೆಯ ಗೀಟು ಅವಳ ಲಂಗದಲ್ಲಿ ಅರ್ಧ, ನನ್ನ ಕಂಬಳಿಯಲ್ಲಿ ಅರ್ಧ ಒರೆಸಿಹೋಯಿತು. ಅತ್ತ ಶೆಟ್ಟರ ಹುಡುಗಿ ಈರಕ್ಕನ ಗೋಣಿಯ ಮೇಲೇ ಕೂತು, ಅವಳ ಕೈಯಲ್ಲಿ ಪೇನು ಹೆಕ್ಕಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದಳು. ಯಾರ ಮನೆಗೂ ಈ ಸುದ್ದಿ ಹೋಗಲಿಲ್ಲ. ಹಿತ್ತಲ ಚೊಂಬಿನ ನೀರು ಎಂದಿನಂತೆ ನಮ್ಮ ತಲೆಗೆ ಬೀಳುತ್ತಿತ್ತು, ಎಂದಿನಂತೆ ನಾವು ಒಳಗೆ ಹೋಗುತ್ತಿದ್ದೆವು.

ತಿಂಗಳ ಕೊನೆಗೆ ಟೀಚರ್ ಒಂದಷ್ಟು ಲಡಿಗಳನ್ನು ವಾಪಸ್ಸು ಕೊಟ್ಟು, ಜೋಡಿ ಹಂಚಿಕೊಳ್ಳಿ ಎನ್ನುತ್ತಿದ್ದರು. ಜೈಬುನ್ ನೂತ ಸಣ್ಣ ನೂಲನ್ನು ನಾನು ತೆಗೆದುಕೊಳ್ಳುತ್ತಿದ್ದೆ, ನೋಡಲು ಚೆಂದವೆಂದು. ನನ್ನದನ್ನು ಅವಳು ಒಯ್ಯುತ್ತಿದ್ದಳು. “ಹಾಸ್ಗೆ ಹೊಲ್ಯಕ್ಕೆ ನಿನ್ನ ನೂಲೇ ಬೇಕು ಕಣೆ. ಆನೆ ಮಲ್ಗಿದ್ರೂ ಕಿತ್ತೋಗಲ್ಲ ಅಂತಾಳೆ ದಾದಿ.” ಇಬ್ಬರಿಗೂ ಲಾಭವೇ.

ಆ ಸಣ್ಣ ನೂಲು ಒಂದು ದಿನ ತಾತನ ಕಣ್ಣಿಗೆ ಬಿತ್ತು. ಅಲ್ಲಿಂದ ಶುರುವಾಯಿತು ನನ್ನ ಸಂಕಟ.

ನೂಲಹುಣ್ಣಿಮೆಗೆ ಹೊಸ ಜನಿವಾರ ಹಾಕಿಕೊಳ್ಳುವುದು ನಿಮಗೆ ಗೊತ್ತೇ ಇದೆ. ತಾತ ತಾವೇ ನೂತು, ತಾವೇ ಹುರಿಮಾಡಿ, ಕಳ್ಳಂಬೆಳ್ಳ, ಮಧುಗಿರಿ, ಕೊರಟಗೆರೆ ಕಡೆಯ ತಮ್ಮ ಪೌರೋಹಿತ್ಯದ ಮನೆಗಳಿಗೆಲ್ಲ ಜನಿವಾರ ಕೊಟ್ಟುಬರುತ್ತಿದ್ದರು. ಎರಡು ವರ್ಷದಿಂದ ಕೈ ನಡುಗುತ್ತಿತ್ತು. ಅಂಗಡಿಯ ನೂಲು ತಂದರೆ ಅದನ್ನು ಕಂಡು ಮುಖ ಸಿಂಡರಿಸುವರು. ನನ್ನ ಪುಸ್ತಕದ ನಡುವಿನಿಂದ ಜಾರಿದ ಲಡಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಎರಡು ಬೆರಳ ನಡುವೆ ಉರುಳಿಸಿದರು.

“ಯಾರೇ ಮಗು ಇದನ್ನ ನೂತಿದ್ದು?”

“ಸ್ಕೂಲಲ್ಲಿ ನೂತಿದ್ದು ತಾತ.”

ಸುಳ್ಳಲ್ಲ. ನಿಜವೂ ಅಲ್ಲ. ತಾತ ಅಲ್ಲಿಂದಲೇ ಕೂಗಿದರು: “ಲೇ, ಬಾರೇ ಇಲ್ಲಿ! ನೋಡು ನಿನ್ನ ಮೊಮ್ಮಗಳ ಕೈ!”

ಜನಿವಾರದ ನೂಲನ್ನು ಮನೆಯ ಕನ್ಯೆ ನೂತರೆ ಶ್ರೇಷ್ಠ ಎಂಬುದು ಅಜ್ಜಿಯ ಶಾಸ್ತ್ರ. ಅವಳ ಕಣ್ಣಲ್ಲಿ ನೀರೇ ಬಂತು. ಅಂದಿನಿಂದ ಹಾಲಿನ ಕೆನೆ ನನ್ನ ಪಾಲಿಗೆ. ನಿಜ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಕೆನೆ ತಿಂದು ಸುಮ್ಮನಾಗುತ್ತಿದ್ದೆ. ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ದೊಡ್ಡಪ್ಪನ ಮಗಳು ಯಾರದೋ ಮನೆಯಲ್ಲಿ ಒಂದು ಲೋಟ ಪಾನಕ ಕುಡಿದಳೆಂದು ಅವಳ ಶಾಲೆ ಬಿಡಿಸಿದ್ದರು. ನನ್ನದು ಪಾನಕವಲ್ಲ, ಜನಿವಾರ. ಅದರಲ್ಲೂ ಆ ಎಂಜಲಿನ ಸಂಗತಿ. ಅದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ತಾತ ತಿಂಗಳಾನುಗಟ್ಟಲೆ ಜಗಲಿಯಲ್ಲಿ ಕೂತು ನಾಲ್ಕು ಬೆರಳಿಗೆ ನೂಲನ್ನು ತೊಂಬತ್ತಾರು ಸುತ್ತು ಸುತ್ತಿದರು, ಮೂರೆಳೆ ಮಾಡಿದರು, ಹುರಿ ಹಾಕಿದರು, ಗಂಟು ಕಟ್ಟಿದರು. ಕಳ್ಳಂಬೆಳ್ಳದ ಮನೆಗಳಿಗೆ ಮುಂಚಿತವಾಗಿಯೇ ಕೊಟ್ಟೂ ಬಂದರು. ಹೋದಲ್ಲೆಲ್ಲ ‘ನಮ್ಮ ಪದ್ದು ನೂತಿದ್ದು’ ಎಂದು ಸಾರಿದರು.

ತಡೆಯಲಾರದೆ ಜೈಬುನ್‌ಗೆ ಹೇಳಿದೆ. ಅವಳು ನಕ್ಕ ನಗುವಿಗೆ ತಕಲಿ ಕೈಜಾರಿ ಉರುಳಿಕೊಂಡು ಹೋಯಿತು. “ಯಾ ಅಲ್ಲಾ! ಐನೋರ ಹೆಗಲ ಮ್ಯಾಲೆ ನನ್ ನೂಲು!” ಎಂದು ಹೊಟ್ಟೆ ಹಿಡಿದುಕೊಂಡಳು. ನಗು ನಿಂತ ಮೇಲೆ ಕೇಳಿದಳು: “ನಾನ್ ನೂತಿದ್ದು ಅಂತ ಹೇಳ್ದ್ಯಾ?”

“ಇಲ್ಲ. ಹೇಳಿದ್ರೆ ಸ್ಕೂಲು ಬಿಡಿಸ್ತಾರೆ ಕಣೆ.”

ಅವಳು ತಕಲಿ ತಂದು ಎಳೆ ಸುತ್ತಿಕೊಳ್ಳುತ್ತ, ನನ್ನ ಮುಖ ನೋಡದೆ, “ಅಂಗಾರೆ ಈ ಸಾರಿ ನನ್ ನೂಲು ನನಗೇ ಇರ್ಲಿ, ನಿಂದು ನಿನಗೆ,” ಎಂದಳು.

ಮಾರನೆಯ ದಿನ ಅವಳು ಗೀಟು ಎಳೆಯಬಹುದೆಂದು ಕಾದೆ. ಎಳೆದಿದ್ದರೆ ವಾಸಿಯಿತ್ತು. ಗೀಟೂ ಇಲ್ಲ, ಮಾತೂ ಇಲ್ಲ. ಹಂಜಿಯನ್ನು ಮಾತ್ರ ತಪ್ಪದೆ ನನ್ನ ಮುಂದೆ ಇಡುತ್ತಿದ್ದಳು. ನನ್ನ ಎಳೆ ಕಿತ್ತರೆ ಕಿತ್ತುಕೊಂಡೇ ಇರುತ್ತಿತ್ತು. ಕೆನೆಯ ರುಚಿ ಹೋಯಿತು.

ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಮಧುಗಿರಿಯಿಂದ ಅತ್ತೆ, ತಾತನ ಮಗಳು, ಬಂದರು. ಮಧ್ಯಾಹ್ನ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ, “ಎಲ್ಲಿ, ನಮಗೂ ಒಂದಿಷ್ಟು ನೂತು ತೋರಿಸೇ ಪದ್ದು, ಅಪ್ಪ ಊರೆಲ್ಲ ಹೇಳ್ಕೊಂಡು ಬಂದಿದಾರೆ,” ಎಂದರು. ಅಜ್ಜಿ ಸಡಗರದಿಂದ ನಡುಮನೆಯಲ್ಲಿ ಮಣೆ ಹಾಕಿದಳು. ತಾತ ಕಂಬಕ್ಕೆ ಒರಗಿ ಕೂತರು. ತಕಲಿ ತಿರುಗಿಸಿದೆ. ಮೊದಲ ಎಳೆ ಕಿತ್ತಿತು. ಎರಡನೆಯದೂ ಕಿತ್ತಿತು. ಮೂರನೆಯದು ನಿಂತಿತು, ಮೈತುಂಬ ಉಬ್ಬುಗಳೊಂದಿಗೆ.

“ಇದೇನೇ, ನೂಲ್ತಿದೀಯೋ, ಶ್ಯಾವಿಗೆ ಹೊಸೀತಿದೀಯೋ?” ಎಂದರು ಅತ್ತೆ.

“ದೃಷ್ಟಿ!” ಎಂದಳು ಅಜ್ಜಿ ಥಟ್ಟನೆ. “ಎಲ್ಲರೂ ಹೊಗಳಿ ಹೊಗಳಿ ಮಗೂಗೆ ದೃಷ್ಟಿಯಾಗಿದೆ. ತಾಳು, ಮೆಣಸಿನಕಾಯಿ ನಿವಾಳಿಸ್ತೀನಿ.”

ಎಂಥ ಒಳ್ಳೆಯ ಬಾಗಿಲು ತೆಗೆದುಕೊಟ್ಟಿದ್ದಳು ಅಜ್ಜಿ! ಸುಮ್ಮನೆ ಹೂಂ ಅಂದಿದ್ದರೆ ಸಾಕಿತ್ತು. ಜೈಬುನ್ ಮುಖ ತಿರುಗಿಸಿಕೊಂಡು ಎಳೆ ಸುತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

“ದೃಷ್ಟಿ ಅಲ್ಲ ಅಜ್ಜಿ. ಆ ನೂಲು ನಂದಲ್ಲ. ಜೈಬುನ್ ನೂತಿದ್ದು.”

“ಅದ್ಯಾರೇ?”

“ನನ್ನ ಜೋಡಿ. ಹತ್ತಿ ಹಿಂಜೋ ಹುಸೇನ್ ಸಾಬರ ಮಗಳು.”

ಅತ್ತೆಯ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಅಜ್ಜಿ ನನ್ನನ್ನು ಎಬ್ಬಿಸಿ, ಮಣೆ ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಅವಳಂದದ್ದು ಒಂದೇ ಮಾತು: “ನಾಳೆಯಿಂದ ಸ್ಕೂಲು ಬೇಡ. ಕಲಿತದ್ದು ಸಾಕು.”

ತಾತ ಗಂಟಲು ಸರಿಮಾಡಿಕೊಂಡರು. “ನಿನ್ನ ದೀಪದ ಬತ್ತಿಗೆ ಹತ್ತಿ ಹಿಂಜಿಕೊಡೋದೂ ಅದೇ ಹುಸೇನ್ ಸಾಬಿ ಅಲ್ವೇನೇ?”

“ಬತ್ತಿ ಉರಿದು ಹೋಗತ್ತೆ. ಜನಿವಾರ ಮೈಮೇಲಿರತ್ತೆ,” ಎಂದಳು ಅಜ್ಜಿ. ನಾನು ಹಿತ್ತಲಿಗೆ ಹೋಗಿ ಸ್ಕೂಲು ಮೊಳೆಯ ಕೆಳಗೆ ಕೂತು ಅಳತೊಡಗಿದೆ.

ಮಾರನೆಯ ಬೆಳಿಗ್ಗೆ ತಾತ ಶಲ್ಯ ಹೊದ್ದು ಹೊರಟರು. “ಸ್ಕೂಲು ಲಂಗ ಹಾಕ್ಕೊಂಡು ಬಾ,” ಎಂದರು. ಹೆಸರು ಕಡಿಸಲು ಹೋಗುತ್ತಿದ್ದೇವೆಂದೇ ತಿಳಿದು ದಾರಿಯುದ್ದಕ್ಕೂ ಮೂಗು ಒರೆಸಿಕೊಂಡೆ. ಶಾಲೆಯ ಜಗಲಿಯಲ್ಲಿ ಅವರನ್ನು ಕಂಡ ನರಸಮ್ಮ ಟೀಚರಿಗೆ ಗಾಬರಿಯಲ್ಲಿ ಕನ್ನಡ ಪೂರ್ತಿ ಕೈಕೊಟ್ಟಿತು. “ದಯಚೇಯಂಡಿ ಸ್ವಾಮೀ, ಕೂರ್ಚೋಂಡಿ ಸ್ವಾಮೀ!” ಎಂದು ಕುರ್ಚಿ ತರಿಸಿದರು. ತಾತ ಜಗಲಿಯ ಅಂಚಿನಲ್ಲೇ ಕೂತು ಜೈಬುನ್‌ಳನ್ನು ಕರೆಸಿದರು.

ಅವಳು ಬಂದವಳೇ ಒಂದೇ ಉಸಿರಿಗೆ, “ನಾನೇನೂ ಕೊಟ್ಟಿಲ್ಲ ತಾತಾ, ಅವ್ಳೇ ತಕ್ಕೊಂಡೋಗಿದ್ದು!” ಎಂದಳು.

“ಅದಿರಲಿ. ನೂತು ತೋರಿಸು.”

ಜೈಬುನ್ ನಿಂತೇ ನೂತಳು. ತಕಲಿ ಅವಳ ಬೆರಳಿಂದ ಇಳಿಯುತ್ತ ಇಳಿಯುತ್ತ ನೆಲ ಮುಟ್ಟುವವರೆಗೆ ಹೋಯಿತು, ಕೈ ಮೇಲೇರುತ್ತ ಏರುತ್ತ ತಲೆ ದಾಟಿತು, ನಡುವೆ ಎಳೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ ಬಿಸಿಲಿನಲ್ಲಿ ಹೊಳೆಯಿತು. ಕಿತ್ತುಹೋಗಲಿಲ್ಲ. ತಾತ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರು. ಸಂಗೀತ ಕೇಳುವಾಗ ಅವರ ಮುಖ ಹಾಗಾಗುತ್ತಿತ್ತು.

“ಯಾರಮ್ಮ ಕಲಿಸಿದ್ದು?”

“ನಮ್ ದಾದಿ.”

“ಇವಳಿಗ್ಯಾಕೆ ಬರಲ್ಲ?”

ಜೈಬುನ್ ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದಳು. ಅತ್ತು ಊದಿದ ಮುಖ. “ಅವ್ಳು ಹತ್ತೀನ ಎಳೀತಾಳೆ ತಾತಾ. ನಾನ್ ಹೇಳ್ತಾನೇ ಇವ್ನಿ. ಟೇಮ್ ಬೇಕು.”

“ಎಷ್ಟು ಟೇಮು?”

ಅವಳು ನನ್ನ ಕೈಗಳನ್ನು ನೋಡಿ ಲೆಕ್ಕ ಹಾಕಿದಳು. “ಬಾಳ ಟೇಮ್ ಬೇಕು.”

ತಾತ ಗಟ್ಟಿಯಾಗಿ ನಕ್ಕರು. ಎದ್ದು ಶಲ್ಯ ಕೊಡವಿಕೊಂಡು, “ಜೈಬುನ್ ಅಲ್ವೇ ಹೆಸರು? ಆ ನೂಲು ನಿಂದು ಅಂತ ಗೊತ್ತಾಯ್ತಮ್ಮ. ಒಳ್ಳೆ ನೂಲು,” ಎಂದರು. ಅವಳ ಕಿವಿಯವರೆಗೂ ಕೆಂಪಾಯಿತು.

ಮನೆಗೆ ಬಂದು ಹಿತ್ತಲಲ್ಲಿ ಕಾಲಿಗೆ ನೀರು ಹಾಕಿಸಿಕೊಳ್ಳುತ್ತಲೇ ತಾತ ಹೇಳಿದರು: “ಇವಳನ್ನ ಸ್ಕೂಲು ಬಿಡಿಸೋ ಹಾಗಿಲ್ಲ ಕಣೇ.”

“ಯಾಕಂತೆ?”

“ಜನಿವಾರಕ್ಕೆ ಮನೆ ಕನ್ಯೆ ನೂಲಬೇಕು ಅಂತ ನೀನೇ ತಾನೆ ಹೇಳೋದು? ಇವಳಿಗೆ ನೂಲೋಕೆ ಬರಲ್ಲ. ಕಲಿಸೋಳು ಅಲ್ಲಿದಾಳೆ, ಇಲ್ಲಿಲ್ಲ. ಕಲಿಯೋವರೆಗೂ ಆ ಹುಡುಗಿ ಪಕ್ಕದಲ್ಲೇ ಕೂತಿರಲಿ.”

ಅಜ್ಜಿ ಚೊಂಬಿನಲ್ಲಿ ಉಳಿದ ನೀರನ್ನು ಕಲ್ಲಿನ ಮೇಲೆ ಚೆಲ್ಲಿದಳು. ಅವಳದೇ ಶಾಸ್ತ್ರ, ಅಲ್ಲಗಳೆಯುವ ಹಾಗಿಲ್ಲ. “ಕಲಿತ ಮೇಲೆ?” ಎಂದಳು.

“ಕಲಿತ ದಿವಸವೇ ಬಿಡಿಸೋಣ.”

ಅಜ್ಜಿ ಬದಲಾದಳೆಂದು ಬರೆದರೆ ಸುಳ್ಳಾಗುತ್ತದೆ. ಆ ವರ್ಷ ತಾತ ಹಾಕಿಕೊಂಡದ್ದು ಅಂಗಡಿ ನೂಲಿನ ಜನಿವಾರವೇ. ಮಧುಗಿರಿ, ಕೊರಟಗೆರೆಗೂ ಅಂಗಡಿಯದೇ ಹೋಯಿತು. ಕಳ್ಳಂಬೆಳ್ಳದವರಿಗೆ ಕೊಟ್ಟದ್ದನ್ನು ವಾಪಸ್ಸು ಕೇಳಲು ಮಾತ್ರ ತಾತ ಹೋಗಲಿಲ್ಲ, ಅತ್ತೆಯೂ ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಕಳ್ಳಂಬೆಳ್ಳದ ಹಿರಿಯರೊಬ್ಬರು ಬಂದು, ಈ ಸಾರಿ ಜನಿವಾರ ಒಂದೂ ಕಿತ್ತಿಲ್ಲ, ನಿಮ್ಮ ಮೊಮ್ಮಗಳ ಕೈಗುಣ ಎಂದಾಗ, ತಾತ ಅಜ್ಜಿಯ ಕಡೆ ನೋಡದೆ, “ಹೌದು, ಒಳ್ಳೆ ಕೈ,” ಎಂದರು.

ಶಾಲೆಯಲ್ಲಿ ಜೈಬುನ್ ಗುರುವಿನ ಗತ್ತಿನಲ್ಲಿ, “ಬಿರ್ರನೆ ಕಲ್ತ್ಕೊ ಇನ್ನ, ನಿಮ್ ತಾತ ಹೇಳವ್ರೆ,” ಎಂದು ಕೂತಳು. ಕಲಿತ ದಿನವೇ ಶಾಲೆ ಬಿಡಿಸುವ ಷರತ್ತನ್ನು ಅವಳಿಗೆ ಹೇಳಿದೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಹತ್ತಿಯ ಮೇಲೆ ಒತ್ತಿ, “ಎಳಿ,” ಎಂದಳು. “ಇನ್ನೂ ಜೋರಾಗಿ ಎಳಿ. ಕತ್ತು ಹಿಸ್ಕು!”

ಎಂಟನೆಯ ತರಗತಿ ಮುಗಿಯುವವರೆಗೆ ನಾನು ಶ್ರದ್ಧೆಯಿಂದ ಗಂಟುನೂಲನ್ನೇ ನೂತೆ. ಶುಕ್ರವಾರಕ್ಕೊಮ್ಮೆ ತಾತ ನನ್ನ ಲಡಿ ತರಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿಯುವರು. ಅಡುಗೆಮನೆಯಿಂದ ಅಜ್ಜಿ, “ಕಲಿತಳೇ?” ಎನ್ನುವಳು. “ಇನ್ನೂ ಇಲ್ಲ,” ಎನ್ನುವರು ತಾತ.

ಕಷ್ಟವೆಂದರೆ, ಎಷ್ಟು ಕೆಟ್ಟದಾಗಿ ನೂಲಬೇಕೆಂದರೂ ಕೈ ತನ್ನಷ್ಟಕ್ಕೆ ಕಲಿತುಬಿಡುತ್ತದೆ. ಕೊನೆಯ ವರ್ಷ ಒಂದು ಶುಕ್ರವಾರ, ಜೈಬುನ್ ಹೇಳುತ್ತಿದ್ದ ಯಾವುದೋ ಕಥೆಗೆ ಕಿವಿಗೊಟ್ಟು ಮೈಮರೆತು ನೂತ ಎಳೆಯೊಂದು ನನ್ನ ಲಡಿಯಲ್ಲಿ ಸೇರಿಕೊಂಡಿತ್ತು. ತಾತನ ಕೈ ಅದರ ಮೇಲೆ ನಿಂತಾಗಲೇ ನಾನು ನೋಡಿದ್ದು. ಮಾರುದ್ದ, ಒಂದೇ ಸಮ, ಒಂದು ಗಂಟಿಲ್ಲ. ತಾತ ಅದನ್ನು ಎರಡು ಬೆರಳ ನಡುವೆ ಉರುಳಿಸಿದರು. ಬೆಳಕಿಗೆ ಹಿಡಿದರು. ನನ್ನನ್ನು ನೋಡಿದರು.

“ಕಲಿತಳೇ?” ಎಂದಳು ಅಜ್ಜಿ ಒಳಗಿನಿಂದ.

ತಾತ ಆ ಎಳೆಯನ್ನು ಲಡಿಯಿಂದ ಬಿಡಿಸಿ, ಮಡಿಚಿ, ತಮ್ಮ ಸೊಂಟದ ಪಂಚೆಯಲ್ಲಿ ಸಿಕ್ಕಿಸಿಕೊಂಡರು.

“ಎಲ್ಲಿ ಕಲೀತಾಳೆ ಕಣೇ,” ಎಂದು ಕೂಗಿ ಹೇಳಿದರು. “ಇನ್ನೂ ಬಾಳ ಟೇಮ್ ಬೇಕು.”